ಹೆಡ್ ಕ್ಲಾರ್ಕ್ ಸಾಹೇಬರೂ ಐದು ಡಿಸ್ಕುಗಳೂ

ಕೆಟ್ಟ ಹಾರ್ಡ್ ಡಿಸ್ಕ್ ಬದಲಿಸುವುದು ಐದು ನಿಮಿಷದ ಕೆಲಸ. ಸುತ್ತ ಮನುಷ್ಯರು ಇರುವುದರಿಂದ ಇಡೀ ದಿನ ಹಿಡಿಯುತ್ತದೆ. ಎರಡು ಸಾವಿರದ ಇಸವಿಯ ಆಚೀಚೆ ನಾನು ಕಲಬುರ್ಗಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಈ ವಿದ್ಯೆ ನನ್ನಷ್ಟು ಬಲ್ಲವರು ಊರಲ್ಲಿ ಇಲ್ಲ ಎಂದು ನನಗೆ ಖಾತ್ರಿಯಿತ್ತು.

ಕೋಟೆಯ ಹತ್ತಿರ ಒಂದು ಶಿಕ್ಷಣ ಸಂಸ್ಥೆಯ ಆಫೀಸು. ಅಲ್ಲಿ ನಾನೇ ತಂದಿಟ್ಟ ಒಂದು ಪೆಟ್ಟಿಗೆಯಲ್ಲಿ ಐದು ಡಿಸ್ಕ್ ಸಾಲಾಗಿ ನಿಂತಿದ್ದವು. ಮಕ್ಕಳ ಅಂಕಗಳೆಲ್ಲ ಅದರಲ್ಲೇ. ಒಂದು ಕೆಟ್ಟರೆ ಉಳಿದ ನಾಲ್ಕು ಸಂಭಾಳಿಸುತ್ತವೆ. ಕೆಟ್ಟದ್ದನ್ನು ಎಳೆದು ಹೊಸದು ಕೂರಿಸಬೇಕು. ಅಷ್ಟರಲ್ಲಿ ಇನ್ನೊಂದು ಹೋದರೆ ಎಲ್ಲಾ ಹೋಯಿತು. ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು.

ಇದನ್ನೆಲ್ಲ ಅಲ್ಲಿನ ಹೆಡ್ ಕ್ಲಾರ್ಕ್ ಸಾಹೇಬರಿಗೆ ನಾನೇ ಕಲಿಸಿದ್ದೆ. ಅವರದು ಮನೆಯಲ್ಲಿ ಮರಾಠಿ, ಆಫೀಸಿನಲ್ಲಿ ಕನ್ನಡ, ಓದಿದ್ದು ಉರ್ದು ಶಾಲೆಯಲ್ಲಿ. ನಿವೃತ್ತಿಗೆ ಹತ್ತಿರವಾಗಿದ್ದ ಆಚಾರವಂತರು.

೧. ಐದೂ ಕೆಂಪು

ಆಯುಧ ಪೂಜೆಯ ರಜೆ ಕಳೆದು ಆಫೀಸು ತೆರೆದ ದಿನ ಆ ಸಂಸ್ಥೆಯ ಪ್ರಿನ್ಸಿಪಾಲರ ಫೋನು. "ಲಗೂನ ಬರ್ರಿ. ಐದೂ ಕೆಂಪ ಆಗ್ಯಾವ."

ಐವಾನ್-ಎ-ಶಾಹಿ ಬಡಾವಣೆಯ ನನ್ನ ಮನೆಯಲ್ಲಿ ಊಟ ಅರ್ಧಕ್ಕೆ ಬಿಟ್ಟು ಓಡಿದೆ. ನೋಡಿದರೆ ಐದು ದೀಪಗಳ ಮೇಲೂ ಒಂದೊಂದು ಬೊಟ್ಟು ಕುಂಕುಮ. ಕರವಸ್ತ್ರದಿಂದ ಒರೆಸಿದೆ. ಐದೂ ಹಸಿರು.

"ಸಾಹೇಬ್ರ, ದೀಪದ ಮ್ಯಾಲೇ ಯಾಕ ಹಚ್ಚಿದ್ರಿ?"

ಹೆಡ್ ಕ್ಲಾರ್ಕ್ ನನ್ನನ್ನೇ ದಡ್ಡನಂತೆ ನೋಡಿದರು. "ಮತ್ತ ಅದಕ್ಕ ಹಣಿ ಎಲ್ಲಿ ಅದ, ನೀವ ತೋರಸ್ರಿ."

೨. ವರ್ಗ

ಹತ್ತಿರದ ಕಮಲಾಪುರದಲ್ಲಿ ಅದೇ ಸಂಸ್ಥೆಯ ಶಾಲೆ, ಅಲ್ಲೂ ಅಂಥದೇ ಪೆಟ್ಟಿಗೆ. ಒಂದು ಡಿಸ್ಕ್ ಕೆಟ್ಟಿತೆಂದು ಹೋದೆ. ಹೆಡ್ ಮಾಸ್ತರರು ಕೆಂಪು ಬಾಳೆಹಣ್ಣು ಕೊಟ್ಟು, ಕಲಬುರ್ಗಿ ಆಫೀಸಿನಿಂದ ಬಂದ ಬದಲಿ ಡಿಸ್ಕನ್ನು ಮುಂದಿಟ್ಟರು. ಅದರ ಮೇಲೆ "ಕೆಟ್ಟಿದೆ" ಎಂದು ನನ್ನದೇ ಅಕ್ಷರ. ಮೂರು ತಿಂಗಳ ಹಿಂದೆ ನಾನೇ ಕಿತ್ತು ಎಸೆಯಲು ಕೊಟ್ಟದ್ದು.

"ಇದು ಅಲ್ಲಿ ಕೆಲಸ ಮಾಡಲಿಲ್ಲಂತ ತಗದದ್ದು ಸರ್, ಇಲ್ಲಿಗ್ಯಾಕ ಬಂತು?"

ಅವರು ಹಣ್ಣು ಸುಲಿಯುತ್ತ ಹೇಳಿದರು: "ಅಲ್ಲಿ ಕೆಲಸ ಮಾಡದವರನ್ನ ಇಲ್ಲಿಗೇ ವರ್ಗ ಮಾಡ್ತಾರ್ರಿ. ನಾನೂ ಹಂಗ ಬಂದೀನಿ."

೩. ಎರಡನೆಯದು

ನಾನಿನ್ನೂ ನಗುತ್ತಿರುವಾಗಲೇ ಅಲ್ಲಿನ ಫೋನ್ ಬಡಿಯಿತು. ಕಲಬುರ್ಗಿಯಿಂದ ಹೆಡ್ ಕ್ಲಾರ್ಕ್. ಅಲ್ಲೂ ಒಂದು ಡಿಸ್ಕ್ ಹೋಗಿದೆ, ಎರಡು ದಿನಕ್ಕೆ ರಿಸಲ್ಟು. ಹೊಸ ಡಿಸ್ಕ್ ಅವರ ಅಲಮಾರಿನಲ್ಲೇ ಇತ್ತು. ಕುಂಕುಮದ ಪಾಠ ಕಲಿತ ನಾನು ಜಾಣತನ ತೋರಿಸಿದೆ.

"ದೀಪ ನಂಬಬ್ಯಾಡ್ರಿ. ಪರದೆ ಮ್ಯಾಲ ಯಾವ ನಂಬರ್ ಬಂದದ?"

"ಎರಡು."

"ಹಂಗಾರ ಎರಡನೇದು ಎಳೀರಿ."

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿತು. ಆಮೇಲೆ, "ತಗದೀನ್ರಿ. ಹಸರು ದೀಪಾನೇ ಇತ್ತು, ನಂಬಲಿಲ್ಲ. ಈಗ ಪರದೆ ಎಲ್ಲಾ ಕಪ್ಪಾಗೇದ."

ಕೈಯಲ್ಲಿದ್ದ ಬಾಳೆಹಣ್ಣು ಬಿತ್ತು. ಬೈಕ್ ಹತ್ತಿ ಕಲಬುರ್ಗಿಗೆ ಬಂದು ನೋಡಿದರೆ, ಎಡದಿಂದ ಎರಡನೆಯದರಲ್ಲಿ ಕೆಂಪು ದೀಪ ಹಾಗೇ ಉರಿಯುತ್ತಿದೆ. ಕಿತ್ತದ್ದು ಬಲದಿಂದ ಎರಡನೆಯದು. ಸಾಹೇಬರು ಉರ್ದು ಶಾಲೆಯಲ್ಲಿ ಬಲಗಡೆಯಿಂದ ಬರೆದು ರೂಢಿಯಾದವರು. ಕಪಾಟಿನ ಫೈಲುಗಳನ್ನೂ ಮೂವತ್ತು ವರ್ಷ ಬಲದಿಂದಲೇ ಎಣಿಸಿದವರು. ಮರಳಿ ಕೂರಿಸಿದೆ, ಗೊತ್ತಿದ್ದ ವಿದ್ಯೆಯನ್ನೆಲ್ಲ ಮಾಡಿದೆ. ಒಂದು ಅಂಕವೂ ಬರಲಿಲ್ಲ. ಮಕ್ಕಳ ಮುಖ ನೆನೆದು ನನಗೆ ಅಳುವೇ ಬಂತು.

ಹೆಡ್ ಕ್ಲಾರ್ಕ್ ಸಮಾಧಾನವಾಗಿ ಅಲಮಾರು ತೆರೆದು ಒಂದು ದಪ್ಪ ರಜಿಸ್ಟರ್ ತಂದರು. ಎಲ್ಲರ ಅಂಕಗಳೂ ಉರ್ದುವಿನಲ್ಲಿ, ಅವರದೇ ಕೈಬರಹದಲ್ಲಿ ಇದ್ದವು.

"ಇದನ್ನ ಯಾವಾಗ ಬರದ್ರಿ?"

"ನೀವು ಆ ಡಬ್ಬಿ ತಂದು ಇಟ್ರಲ್ಲ, ಅವತ್ತಿನಿಂದ."

ಆಫೀಸಿನಲ್ಲಿ ಅದನ್ನು ಓದಬಲ್ಲವರು ಅವರೊಬ್ಬರೇ. ಎರಡು ದಿನ ಅವರು ಹೇಳಿದರು, ನಾನು ಟೈಪ್ ಮಾಡಿದೆ. ರಿಸಲ್ಟು ಹೇಳಿದ ಹೊತ್ತಿಗೇ ಬಂತು.

ಮುಂದಿನ ಆಯುಧ ಪೂಜೆಗೆ ಯಾರೂ ಕರೆಯದೆ ನಾನೇ ಹೋದೆ. ಪೆಟ್ಟಿಗೆಯನ್ನು ದಾಟಿ ನೇರ ಅಲಮಾರಿಗೆ ನಡೆದು ಆ ಉರ್ದು ರಜಿಸ್ಟರಿಗೆ ಕುಂಕುಮ ಹಚ್ಚಿದೆ. ಹಚ್ಚುವ ಮೊದಲು ಮಾತ್ರ, ಅದರ ಮುಖ ಯಾವ ಕಡೆಗಿದೆ ಎಂದು ಸಾಹೇಬರನ್ನು ಕೇಳಿಕೊಂಡೆ.