ಪಿಲಾತನ ಹತ್ತಿರ ಸಿಕ್ಕಿಬಿದ್ದ ಉಪದೇಶಕ

ಆ ಭಾನುವಾರ ಇಗರ್ಜಿಯಲ್ಲಿ ಫಾದರ್ ಹೇಳಿದ್ದು ಇಷ್ಟೇ: "ವಿಶ್ವಾಸ ಬೆಳೆಸುವುದು ಪಾದ್ರಿಗಳ ಕೆಲಸ ಮಾತ್ರ ಅಲ್ಲ. ನೀವೂ ಒಬ್ಬೊಬ್ಬರ ಕೈ ಹಿಡಿಯಿರಿ." ನನಗೆ ಮಾತ್ರ ಅದು ನೇಮಕಾತಿ ಆದೇಶದಂತೆ ಕೇಳಿಸಿತು. ಕಾರವಾರದಲ್ಲಿ ಇಷ್ಟು ವರ್ಷ ಪ್ಯಾಂಟು ಹೊಲಿದವನು ನಾನು. ಒಬ್ಬ ಮನುಷ್ಯನ ವಿಶ್ವಾಸವನ್ನು ಸ್ವಲ್ಪ ಉದ್ದ ಮಾಡುವುದು ಯಾವ ಮಹಾ ಕೆಲಸ!

ಫಲಾನುಭವಿಯಾಗಿ ಆಯ್ಕೆಯಾದವರು ಅಂತೋನ್ ಬಾಬ. ನೌಕಾನೆಲೆಗೆ ಜಾಗ ಹೋದ ಮೇಲೆ ಚೆಂಡಿಯಾ ಬಿಟ್ಟು ಅಮದಳ್ಳಿಯಲ್ಲಿ ಮನೆ ಕಟ್ಟಿಕೊಂಡವರು. ಕಳೆದ ಮಳೆಗಾಲದಲ್ಲಿ ಹೆಂಡತಿ ನತಾಲಬಾಯಿ ತೀರಿಕೊಂಡಂದಿನಿಂದ ಇಗರ್ಜಿಯ ಮೆಟ್ಟಿಲು ಹತ್ತಿರಲಿಲ್ಲ.

"ಸುಮ್ನೆ ಹೋಗಿ ಕೂತ್ಕಂಡು ಬನ್ನಿ, ಭಾಷಣ ಗೀಷಣ ಬೇಡ" ಎಂದಳು ನನ್ನ ಹೆಂಡತಿ ಫಿಲೊಮಿನಾ.

"ನಿನಗೆ ಎಂತ ಗೊತ್ತು? ಇದು ಧರ್ಮಸೇವೆ!" ಎಂದು ಬಿಳಿ ಶರ್ಟು ಹಾಕಿಕೊಂಡು ಹೊರಟೆ.

ಅಂತೋನ್ ಬಾಬ ಊಟಕ್ಕೆ ಕುಳಿತಿದ್ದರು. "ಬಾ ಪಾಸ್ಕೋಲ, ಗಂಜಿ ಉಣ್ತ್ಯಾ?"

"ಮೊದಲು ಜಪಸರ, ಆಮೇಲೆ ಗಂಜಿ" ಎಂದು ಗಂಭೀರವಾಗಿ ಘೋಷಿಸಿದೆ.

ಅವರ ಮುಖ ಬಾಡಿತು. "ಪ್ರಾರ್ಥನೆ ಎಲ್ಲ ಅವಳದೇ ಆಗಿತ್ತು ಮಾರಾಯ. ಅವಳು ಶುರು ಮಾಡೂದು, ನಾ ಹಿಂದಿಂದ ಹೇಳೂದು. ಈಗ ಬಾಯಿ ಏಳೂದಿಲ್ಲ."

"ನಾನಿದ್ದೇನಲ್ಲ!"

ಗೋಡೆಯ ಆಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ಮೇಣದ ಬತ್ತಿ ಹಚ್ಚಿ, ಶಿಲುಬೆಯ ಗುರುತು ಹಾಕಲು ಕೈಯನ್ನು ಅಗಲವಾಗಿ ಬೀಸಿದೆ. ಭಕ್ತಿ ಸ್ವಲ್ಪ ಹೆಚ್ಚಾಯಿತು. ಬತ್ತಿ ಮಗುಚಿ ಪ್ಲಾಸ್ಟಿಕ್ ಹೂವಿನ ಮೇಲೆ ಬಿತ್ತು. ಮಾತೆ ಮರಿಯಾಳ ಪಾದದ ಬಳಿ ಧಗ್ಗನೆ ಬೆಂಕಿ! ಉಫ್ ಎಂದು ಊದಿದೆ. ಬೆಂಕಿ ಖುಷಿಯಿಂದ ಪರದೆಯತ್ತ ಹೊರಟಿತು.

"ಸರಿ ಆಚೆ!" ಎನ್ನುತ್ತ ಅಂತೋನ್ ಬಾಬ ಗಂಜಿಯ ಪಾತ್ರೆಯನ್ನೇ ಎತ್ತಿ ಸುರಿದರು. ಬೆಂಕಿ ಆರಿತು. ಅರ್ಧ ಗಂಜಿ ಪರದೆಗೆ, ಅರ್ಧ ನನ್ನ ಶರ್ಟಿಗೆ.

ಇಷ್ಟಾದರೂ ಉಪದೇಶಕ ಎದೆಗುಂದಬಾರದು. ಗಂಜಿ ಸೋರುತ್ತಿದ್ದಂತೆಯೇ ಜಪಸರದ ಮೊದಲ ಪ್ರಾರ್ಥನೆಯಾದ ವಿಶ್ವಾಸ ಸಂಗ್ರಹ ಶುರು ಮಾಡಿದೆ. ಇಗರ್ಜಿಯಲ್ಲಿ ಎಲ್ಲರ ಜೊತೆ ಹೇಳುವಾಗ ನೀರಿನಂತೆ ಹರಿಯುವ ಪ್ರಾರ್ಥನೆ ಅದು. ಒಬ್ಬನೇ ಹೇಳುವಾಗ ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ಪೊಂತಿಯ ಪಿಲಾತನ ಹೆಸರಿನವರೆಗೆ ಬಂದು ನಿಂತುಬಿಟ್ಟಿತು. ಮುಂದೇನು? ಮತ್ತೆ ಮೊದಲಿಂದ ಬಂದೆ. ಮತ್ತೆ ಪಿಲಾತ! ಮೂರನೇ ಸಲ ಧೈರ್ಯ ಮಾಡಿ ಅವನನ್ನು ದಾಟಿ ಸೀದಾ ಕೊನೆಯಲ್ಲಿ ಬರುವ ಸಂತರ ಬಳಿಗೇ ಹಾರಿದೆ.

"ಅರೇ ಪಾಸ್ಕೋಲ!" ಅಂತೋನ್ ಬಾಬ ತಡೆಯಲಾರದೆ ಕೂಗಿದರು. "ಯೇಸುವನ್ನ ಶಿಲುಬೆಯಿಂದ ಇಳಿಸ್ಲೇ ಇಲ್ಲ, ನೀ ಎಲ್ಲಿ ಓಡ್ತೆ? ಮೊದ್ಲು ಸಮಾಧಿ ಮಾಡು. ಮೂರನೇ ದಿನ ಏಳೂಕೆ ಬಿಡು!"

ಸಿಟ್ಟಿನಲ್ಲೇ ಅವರು ಹೇಳಿಕೊಡತೊಡಗಿದರು. ನಾನು ಹಿಂದಿನಿಂದ ಹೇಳುತ್ತಾ ಹೋದೆ. ಸತ್ತವರ ಪುನರುತ್ಥಾನ ಎನ್ನುವಲ್ಲಿ ಅವರ ದನಿ ನಿಂತಿತು. ಕಣ್ಣಲ್ಲಿ ನೀರು. ನಾನು ಸುಮ್ಮನೆ ಅವರ ಪಕ್ಕದಲ್ಲಿ ಕುಳಿತೆ. ಕಣ್ಣೊರೆಸಿಕೊಂಡು ಅವರೇ ಜಪಸರ ಎತ್ತಿಕೊಂಡು ಕೊನೆಯವರೆಗೂ ನಡೆಸಿದರು.

ಮುಂದಿನ ಭಾನುವಾರ ಅಂತೋನ್ ಬಾಬ ಇಗರ್ಜಿಗೆ ಬಂದರು! ಪೂಜೆ ಮುಗಿದ ಮೇಲೆ ಫಾದರ್ ನನ್ನ ಬೆನ್ನು ತಟ್ಟಿದರು. ನಾನು ವಿನಯದಿಂದ ತಲೆ ತಗ್ಗಿಸಿ, ಹೊಗಳಿಕೆಗೆ ಅನುಕೂಲವಾಗುವಂತೆ ನಿಂತೆ.

"ಇವನ ಸಲುವಾಗೇ ಬಂದೆ ಫಾದರ್" ಎಂದರು ಅಂತೋನ್ ಬಾಬ. "ಒಬ್ಬನೇ ಬಿಟ್ರೆ ಈ ಪಾಪದವ ಪಿಲಾತನ ಮನೆಯಲ್ಲೇ ಉಳೀತಾನೆ."

ಫಿಲೊಮಿನಾ ನಕ್ಕಿದ್ದು ಗಂಟೆ ಗೋಪುರದವರೆಗೆ ಕೇಳಿಸಿರಬೇಕು.

ಈಗ ಅಂತೋನ್ ಬಾಬ ಮಕ್ಕಳ ಧರ್ಮೋಪದೇಶ ತರಗತಿಯ ಗುರುಗಳು. ಫಾದರ್ ನನ್ನನ್ನೂ ಮರೆಯಲಿಲ್ಲ. ಅದೇ ತರಗತಿಯಲ್ಲಿ ನನಗೂ ಒಂದು ಜಾಗ ಕೊಟ್ಟಿದ್ದಾರೆ. ಮುಂದಿನ ಬೆಂಚಿನಲ್ಲಿ, ಎರಡನೇ ಕ್ಲಾಸಿನ ಮಕ್ಕಳ ನಡುವೆ!