ಗಾಜಿನಂಗಡಿಗೆ ಗಾಜು ಕಾಯುವ ಯಂತ್ರ

ನಮ್ಮ ಕಾಕಾರಷ್ಟು ಬುದ್ಧಿವಂತರು ಸಾಂಗ್ಲಿ, ಮಿರಜ ಎರಡೂ ಊರು ಜಾಲಾಡಿದರೂ ಸಿಗಲಾರರು. ನಂಬಿಕೆ ಇಲ್ಲವೆ? ಗಾಜು ಒಡೆದರೆ ಬೊಬ್ಬೆ ಹೊಡೆಯುವ ಯಂತ್ರವನ್ನು ಜನ ಬ್ಯಾಂಕಿಗೆ ಹಾಕಿಸುತ್ತಾರೆ, ಬಂಗಾರದ ಅಂಗಡಿಗೆ ಹಾಕಿಸುತ್ತಾರೆ. ನಮ್ಮ ಕಾಕಾ ಹಾಕಿಸಿದ್ದು ಗಾಜು ಕತ್ತರಿಸುವ ಅಂಗಡಿಗೆ! ಅದೂ ಸ್ವಂತ ಅಂಗಡಿಗೆ! ದಿನವಿಡೀ ಗಾಜು ಮುರಿಯುವುದೇ ಇವರ ಕಸುಬು, ಮುರಿದರೆ ಕೂಗುವುದು ಅದರ ಕಸುಬು. ಇನ್ನು ಓಣಿಯವರ ಗತಿ?

ಕಾಕಾ ಅಂದರೆ ನಮ್ಮ ತಂದೆಯ ತಮ್ಮ. ಮಿರಜದಲ್ಲಿ ಅವರದೊಂದು ಸಣ್ಣ ಅಂಗಡಿ; ಕಿಟಕಿಗೆ ಗಾಜು, ಫೋಟೋಗಳಿಗೆ ಚೌಕಟ್ಟು. ಅಲ್ಲಿ ಕದಿಯಲು ಏನಿದೆ? ಗೋಡೆಯ ತುಂಬ ಊರಿನವರ ಅಜ್ಜ-ಅಜ್ಜಿಯರು. ಕಳ್ಳ ಬಂದರೂ ಕೈಮುಗಿದು ವಾಪಸು ಹೋಗಬೇಕು, ಅಷ್ಟೆ! ನಿಜವಾದ ಸಂಗತಿ ಕಳ್ಳನದಲ್ಲ, ಕಿವಿಯದು. ಕಾಕಾರಿಗೆ ದಪ್ಪ ದನಿ ಕೇಳುತ್ತಿತ್ತು, ತೆಳು ಸದ್ದು ಕೇಳದಂತಾಗಿತ್ತು. ಗಾಜಿನವರಿಗೆ ತೆಳು ಸದ್ದೇ ಸರ್ವಸ್ವ. ಗಾಜಿನ ಮೇಲೆ ಗೆರೆ ಎಳೆಯುವಾಗ 'ಸರ್ರ್' ಎಂದು ಒಂದೇ ಸಮನೆ ಸದ್ದು ಬಂದರೆ ಅದು ನೆಟ್ಟಗೆ ಮುರಿಯುತ್ತದೆ. ನಡುವೆ ಸದ್ದು ತಡವರಿಸಿತೋ, ಅಡ್ಡಾದಿಡ್ಡಿ ಸೀಳುತ್ತದೆ.

ಒಂದು ಮಧ್ಯಾಹ್ನ ಬೆನ್ನ ಹಿಂದೆಯೇ ಗಾಜೊಂದು ಜಾರಿ ಚೂರುಚೂರಾದರೂ ಇವರಿಗೆ ಗೊತ್ತಾಗಲಿಲ್ಲ. ಊಟದ ಡಬ್ಬಿ ತಂದ ನಮ್ಮ ಕಾಕೂ, ಅಂದರೆ ಅವರ ಹೆಂಡತಿ, ಸೀದಾ ಅದರ ಮೇಲೆಯೇ ಕಾಲಿಟ್ಟರು. ಚಪ್ಪಲಿ ದಪ್ಪವಿತ್ತು, ಬಚಾವಾದರು.

"ಇನ್ನೊಮ್ಮೆ ಹಿಂಗಾತಂದ್ರ ದುಕಾನ ಬಂದ್! ಕೀಲಿಕೈ ನನ್ನ ಕೈಯಾಗ ಕೊಟ್ಟ ಮನ್ಯಾಗ ಕುಂದ್ರಬೇಕು," ಎಂದು ಕಾಕೂ ತೀರ್ಪು ಕೊಟ್ಟರು.

"ಕೊಡ್ತೇನಿ. ಆದ್ರ ನನ್ನ ಕಿವಿಗೇನೂ ಆಗಿಲ್ಲ," ಎಂದರು ಕಾಕಾ. ಮರುವಾರವೇ ಯಂತ್ರ ಬಂತು! ತಮಗೆ ಕೇಳದ್ದನ್ನು ಅದು ಕೇಳಿ ಕೂಗಲಿ ಎಂಬ ಲೆಕ್ಕಾಚಾರ. ನಮಗೆ ಹೇಳಿದ್ದು ಮಾತ್ರ ಕಳ್ಳರ ಕಾಟ.

ಯಂತ್ರ ಕೂಡಿಸಲು ಬಂದ ಮನುಷ್ಯ, ಅಂಗಡಿ ಮುಚ್ಚಿದ ಮೇಲೆಯೇ ಇದನ್ನು ಚಾಲೂ ಮಾಡಬೇಕು ಎಂದು ಮರಾಠಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದ. ಕಾಕಾ ಕೇಳಬೇಕಲ್ಲ! "ಮುಚ್ಚಿದ ದುಕಾನದಾಗ ಕಾಚ ಯಾಕ ಒಡೀತೈತ್ರಿ? ನಾ ಇದ್ದಾಗ ಒಡೀತೈತಿ!" ಎಂದರು. ಕಾಚ ಅಂದರೆ ಅವರ ಬಾಯಲ್ಲಿ ಗಾಜು. ಆತ ಗಾಜು ಒಡೆದ ಸದ್ದು ಮಾಡುವ ಒಂದು ಡಬ್ಬಿ ತೆಗೆದು ಪರೀಕ್ಷೆ ಮಾಡಹೋದ. "ಅದು ನಕಲಿ. ಖರೇ ಕಾಚ ಒಡೀರಿ," ಎಂದ ಕಾಕಾ ತಾವೇ ಒಂದು ತುಂಡನ್ನು ನೆಲಕ್ಕೆ ಅಪ್ಪಳಿಸಿದರು. ಯಂತ್ರ ಗಪ್‌ಚುಪ್! ಬರೀ ಚೂರಾದರೆ ಸಾಲದು, ಚೌಕಟ್ಟಿನಲ್ಲಿ ಕೂತ ಗಾಜಿಗೆ ಮೊದಲು ಪೆಟ್ಟು ಬಿದ್ದ 'ಧಬ್' ಕೇಳಬೇಕು, ಆಮೇಲೆ ಒಡೆದ 'ಚಳ್' ಕೇಳಬೇಕು, ಆಗಲೇ ಅದು ನಂಬುವುದು ಎಂದ ಆತ. ಸರಿ, ಕಾಕಾ ಹಳೆಯ ಕಿಟಕಿಯೊಂದನ್ನು ನಿಲ್ಲಿಸಿ ಸುತ್ತಿಗೆ ಬೀಸಿದರು.

ದೇವರೇ, ಆ ಕೂಗು! ಓಣಿಯವರೆಲ್ಲ ಓಡಿ ಬಂದರು. ಆತ ಗೆದ್ದೆನೆಂದು ಎದೆಯುಬ್ಬಿಸಿ ನಿಂತಿದ್ದ. ಕಾಕಾ ಮಾತ್ರ ಕಿವಿಯ ಹಿಂದೆ ಕೈ ಇಟ್ಟುಕೊಂಡು ಯಂತ್ರವನ್ನೇ ದಿಟ್ಟಿಸುತ್ತ ಕೇಳಿದರು:

"ಯಾಕ್ರೀ, ಇನ್ನೂ ಸುಮ್ಮನ ಐತೆಲ್ಲ ಇದು?"

ಗಾಜಿನ ಸದ್ದು ಯಂತ್ರಕ್ಕೆ ಕೇಳಿತ್ತು, ಯಂತ್ರದ ಕೀರಲು ಸದ್ದು ಇವರಿಗೆ ಕೇಳಿರಲಿಲ್ಲ! ಕೊನೆಗೆ ಬರೀ 'ಚಳ್' ಎಂದರೂ ಕೂಗುವಂತೆ ಯಂತ್ರದ ಕಿವಿ ಚುರುಕು ಮಾಡಿ, ಅದು ಕೂಗಿದಾಗ ಹತ್ತುವ ಒಂದು ಕೆಂಪು ದೀಪವನ್ನೂ ಮೇಜಿನ ಮುಂದೆ ಕೂಡಿಸಿ ಆತ ಪಾರಾದ.

ಆಮೇಲೆ ಶುರುವಾಯಿತು ನೋಡಿ. ಕೀಲಿಕೈ ಗೊಂಚಲು ಬಿದ್ದರೆ ಕೂಗು, ಡಬ್ಬಿಯ ಮುಚ್ಚಳ ಬಿದ್ದರೆ ಕೂಗು. ಚಹಾದವನು ಗ್ಲಾಸುಗಳನ್ನು ಹೊಸ್ತಿಲಲ್ಲಿಟ್ಟು ಓಡತೊಡಗಿದ. ಒಂದು ದಿನ ಕಾಕೂ ಒಳಗೆ ಬಂದು ಮೇಜಿಗೆ ಕೈಯೂರಿದರು, ಬಳೆ ತಾಕಿದವು, ಯಂತ್ರ ಅರಚಿತು!

"ನೋಡ, ನೀ ಬಂದದ್ದೂ ಅದಕ್ಕ ತಿಳೀತೈತಿ!" ಎಂದು ಕಾಕಾ ಹಿಗ್ಗಿದರು.

"ನನ್ನ ಕಳ್ಳರ ಪೈಕಿ ಸೇರ್ಸಿದ್ರೇನು?" ಎಂದು ಕಾಕೂ ಕೆಂಡವಾದರು. ಮರುದಿನ ಮನೆಯಿಂದ ದಪ್ಪ ಕೌದಿಯೊಂದನ್ನು ತಂದು ಗೋಡೆಯ ಮೇಲಿನ ಆ ಯಂತ್ರಕ್ಕೆ ಹೊದಿಸಿಯೇಬಿಟ್ಟರು. ಅದರ ಬಾಯಿ ಮುಚ್ಚಿಸಿದೆನೆಂದು ಅವರ ಎಣಿಕೆ. ಮುಚ್ಚಿದ್ದು ಅದರ ಕಿವಿಯನ್ನು!

ನಾಲ್ಕು ದಿನ ಶಾಂತಿ. ಐದನೆಯ ದಿನ ನಾನೂ ಕಾಕೂ ಡಬ್ಬಿ ಹಿಡಿದು ಆಟೋ ಇಳಿಯುತ್ತಿದ್ದೆವು. ಒಳಗೆ ಗಾಜು ಬಿದ್ದು ಒಡೆದ ಸದ್ದು ಬೀದಿಗೇ ಕೇಳಿತು. ಓಡಿ ಹೋಗಿ ನೋಡಿದರೆ ಕಾಕಾ ಮೇಜಿಗೆ ಬಾಗಿ ತಣ್ಣಗೆ ಗೆರೆ ಎಳೆಯುತ್ತಿದ್ದಾರೆ, ಅವರ ಹಿಮ್ಮಡಿಯ ಸುತ್ತ ಚೂರುಗಳು. ಕೆಂಪು ದೀಪ ಹತ್ತಿರಲಿಲ್ಲ. ನಮ್ಮ ಮುಖ ನೋಡಿ ಅವರು ಹಿಂದೆ ತಿರುಗಿದರು.

ಈಗ ಏನಾದರೊಂದು ಸಬೂಬು ಹೇಳುತ್ತಾರೆಂದು ಕಾದೆ. ಅವರು ಜೇಬಿನಿಂದ ಅಂಗಡಿಯ ಕೀಲಿಕೈ ತೆಗೆದು ಕಾಕೂ ಕೈಯಲ್ಲಿಟ್ಟರು.

"ಕೇಳಲಿಲ್ಲ ನೋಡ," ಎಂದರು.

ಅಷ್ಟು ದಿನ ಅವರನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಕಾಕೂ ಗೋಡೆಯ ಮೇಲಿನ ಕೌದಿಯನ್ನು ನೋಡಿದರು, ಗಂಡನನ್ನು ನೋಡಿದರು. ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚೂರುಗಳನ್ನು ಗುಡಿಸಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕಾಕಾರ ಪಕ್ಕದಲ್ಲೇ ಕುಳಿತರು.

"ಎಳೀರಿ," ಎಂದರು, ಅವರಿಗೆ ಕೇಳುವಷ್ಟು ಗಟ್ಟಿಯಾಗಿ.

ಕಾಕಾ ಗೆರೆ ಎಳೆದರು.

"ಮುರೀಬ್ಯಾಡ್ರಿ. ನಡುವ ಸದ್ದ ತಪ್ಪೇತಿ. ಬ್ಯಾರೆ ಕಾಚ ತಗೋರಿ."

"ನಿನಗ ಹೆಂಗ ತಿಳೀತು?"

"ನಲವತ್ತ ವರ್ಷ ಡಬ್ಬಿ ತಂದ ಈ ಬಾಗಲದಾಗ ನಿಂತೇನಿ. ಗೆರಿ ಮುಗಿಯೂ ತನಕ ಮಾತಾಡ್ಸಬ್ಯಾಡ ಅಂತ ನೀವ ಹೇಳಿದ್ರೆಲ್ಲ? ಸುಮ್ಮನ ನಿಂತು ಮತ್ತೇನ ಕೇಳ್ಬೇಕಿತ್ತು?"

ಕಾಕಾ ಬೇರೆ ಗಾಜು ಇಟ್ಟುಕೊಂಡು ಮತ್ತೆ ಎಳೆದರು. ಕಾಕೂ ಕಣ್ಣು ಮುಚ್ಚಿ ಕೇಳಿದರು. ಗೆರೆ ಮುಗಿದಾಗ ಅವರ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಒಮ್ಮೆ ತಟ್ಟಿದರು. ಕಾಕಾ ಮುರಿದರು. ನೂಲು ಹಿಡಿದ ಹಾಗೆ ನೆಟ್ಟಗೆ!

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ? ಕಾಕೂ ಬೆನ್ನ ಮೇಲಿನ ಕೈ ತೆಗೆಯಲಿಲ್ಲ. ಕಾಕಾ ಇನ್ನೊಂದು ಗಾಜು ಎತ್ತಿಕೊಂಡರು.