ಹತ್ತೊಂಬತ್ತು ಇಂಚಿನ ಹೊಟ್ಟೆ

ಒಂದು ಬಟ್ಟಲು ಅನ್ನ. ಹೆಂಡತಿ ಟೈಲರ್‌ಗೆ ಒಪ್ಪಿಸಿ ಹೋದದ್ದು ಅಷ್ಟೇ. ಕ್ಯಾರೆಟ್ಟು ಹಾಕಿ ಮೆತ್ತಗೆ ಬೇಯಿಸಿದ ಅನ್ನವನ್ನು ಮಧ್ಯಾಹ್ನ ಹನ್ನೆರಡೂವರೆಗೆ ಎರಡೂವರೆ ವರ್ಷದ ಮಗಳಿಗೆ ತಿನ್ನಿಸಬೇಕು. ಒಂದು ಭುಜ ಮೇಲೆ, ಒಂದು ಭುಜ ಕೆಳಗೆ ಇರುವವರನ್ನೂ ಕೋಟು ತೊಡಿಸಿ ಸಮ ಮಾಡಿ ಕಳಿಸುವ ಮನುಷ್ಯನಿಗೆ ಒಂದು ಬಟ್ಟಲು ಅನ್ನ ಯಾವ ಲೆಕ್ಕ ಎಂದು ನಿಮಗನ್ನಿಸಬಹುದು. ನೀವು ಪುಟ್ಟಿಯನ್ನು ನೋಡಿಲ್ಲ.

ಪುಟ್ಟಿ ಬಟ್ಟಲು ಕಂಡರೆ ತುಟಿ ಮುಚ್ಚುತ್ತಿದ್ದಳು. ಮುಚ್ಚಿದಳೆಂದರೆ ಅಪ್ಪ ಎರಡೆರಡು ಸಲ ಓಡಿಸಿದ ಹೊಲಿಗೆಯ ಹಾಗೆ, ಯಾವ ಕಡೆಯಿಂದಲೂ ಬಿಚ್ಚುತ್ತಿರಲಿಲ್ಲ. ಅಮ್ಮನಾದರೆ ಅವಳನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿ, ಹೋಗಿಬರುವ ಸೈಕಲ್ಲುಗಳನ್ನೆಲ್ಲ ತೋರಿಸಿ, ಒಂದೂವರೆ ಗಂಟೆಯಲ್ಲಿ ಹದಿನೇಳು ಚಮಚ ಒಳಗೆ ಕಳಿಸುತ್ತಿದ್ದಳು. ಈವತ್ತು ಆ ಅಮ್ಮನಿಗೆ ಗ್ರಂಥಾಲಯದಲ್ಲಿ ಕೆಲಸದ ಮೊದಲ ದಿನ.

ಹೊರಡುವಾಗ ಅವಳು ಬಾಗಿಲಲ್ಲಿ ಮೂರು ಸಲ ತಿರುಗಿ ನೋಡಿದಳು. ಮೂರನೆಯ ಸಲ ಹೇಳಿಯೇಬಿಟ್ಟಳು. "ಅವಳು ಉಣ್ಣಲಿಲ್ಲ ಅಂದ್ರೆ ನಾಳೆಯಿಂದ ನಾನು ಹೋಗಲ್ಲ ರೀ. ಮಗು ಇಲ್ಲಿ ಹಸ್ಕೊಂಡು ಕೂತಿದ್ರೆ ಅಲ್ಲಿ ಪುಸ್ತಕ ಜೋಡಿಸೋಕೆ ನಂಗೆ ಕೈ ಓಡಲ್ಲ."

ಕೆಲಸದ ಕಾಗದ ಬಂದ ದಿನದಿಂದ ಅವಳು ತಲೆ ಬಾಚಿಕೊಳ್ಳುವಾಗ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಅದಕ್ಕೆ ಮುಂಚೆ ಆ ಹಾಡು ಕೇಳಿ ಮೂರು ವರ್ಷವಾಗಿತ್ತು. ಅದು ಇನ್ನು ನಿಲ್ಲಬಾರದೆಂದು ಟೈಲರ್‌ಗೆ ತುಂಬಾ ಆಸೆಯಿತ್ತು. "ಉಣ್ತಾಳೆ, ನೀನು ನಿಶ್ಚಿಂತೆಯಿಂದ ಹೋಗು" ಎಂದು ಜಂಬದಿಂದ ಕಳಿಸಿಕೊಟ್ಟ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮೆಷಿನ್ನು, ಇಸ್ತ್ರಿ, ಕತ್ತರಿಸುವ ಮೇಜು, ಮೇಜಿನ ಮೇಲೆ ದಪ್ಪನೆಯ ಅಳತೆ ಪುಸ್ತಕ. ಆ ಪುಸ್ತಕದಲ್ಲಿ ಹನ್ನೆರಡು ವರ್ಷದಿಂದ ಒಂದೇ ಒಂದು ಸುಳ್ಳು ಇಂಚು ಸೇರಿರಲಿಲ್ಲ. ಹೊಟ್ಟೆಯವರು ಉಸಿರು ಬಿಗಿಹಿಡಿದು ನಿಂತರೆ, ಅವರು ಉಸಿರು ಬಿಡುವ ತನಕ ಕಾದು ಅಳೆಯುತ್ತಿದ್ದ. ಹೋದ ತಿಂಗಳು ತನಗೇ ಪ್ಯಾಂಟು ಹೊಲಿದುಕೊಂಡಾಗ ಸೊಂಟ ಮೂವತ್ತನಾಲ್ಕೂವರೆ ಎಂದೇ ಬರೆದಿದ್ದ. ಬೇರೆಯವರಾಗಿದ್ದರೆ ಆ ಅರ್ಧ ಇಂಚನ್ನು ನುಂಗಿಬಿಡುತ್ತಿದ್ದರು. ಮಕ್ಕಳ ಅಳತೆಯ ಕೆಳಗೆ ಮಾತ್ರ ಒಂದು ಸಾಲು ಹೆಚ್ಚಿಗೆ ಇರುತ್ತಿತ್ತು: ಬೆಳೆಯುವ ವಯಸ್ಸು, ಒಳಗೆ ಬಟ್ಟೆ ಜಾಸ್ತಿ ಬಿಡುವುದು.

ಹನ್ನೆರಡೂ ಇಪ್ಪತ್ತಕ್ಕೆ ಅವನಿಗೊಂದು ಯೋಚನೆ ಬಂತು. ಅನ್ನ ಹೊಟ್ಟೆಗೆ ಹೋಯಿತೋ ನೆಲಕ್ಕೆ ಹೋಯಿತೋ ಎಂದು ತಿಳಿಯುವುದು ಹೇಗೆ? ಹೆಂಡತಿ ಕೇಳಿದರೆ ತೋರಿಸಲು ಏನಾದರೂ ಬೇಕಲ್ಲ. ಟೇಪು ತೆಗೆದು ಪುಟ್ಟಿಯ ಹೊಟ್ಟೆಗೆ ಸುತ್ತಿದ. ಕಚಗುಳಿಯಾಗಿ ಅವಳು ಕಿಲಕಿಲ ನಕ್ಕಳು. ಸರಿಯಾಗಿ ಹತ್ತೊಂಬತ್ತು. 'ಪುಟ್ಟಿ, ಹೊಟ್ಟೆ, ಊಟಕ್ಕೆ ಮುಂಚೆ' ಎಂದು ಪುಸ್ತಕದಲ್ಲಿ ಬರೆದ. ಬರೆದು ಮುಗಿಸಿ ಚಮಚ ಎತ್ತಿದ್ದೇ ತಡ, ನಗು ನಿಂತು ತುಟಿ ಮುಚ್ಚಿಕೊಂಡಿತು.

ಚಮಚ ರೈಲಾಯಿತು, ಹಕ್ಕಿಯಾಯಿತು, ಮೀನಾಯಿತು. ಪುಟ್ಟಿ ಎಲ್ಲವನ್ನೂ ಆಸಕ್ತಿಯಿಂದ ನೋಡಿದಳು, ಬಾಯಿ ಮಾತ್ರ ತೆರೆಯಲಿಲ್ಲ.

ಆ ಹೊತ್ತಿಗೆ ಮಹಡಿ ಮನೆಯ ಡ್ರಿಲ್ ಮೇಷ್ಟ್ರು ಇಳಿದು ಬಂದರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಕೊರಳಲ್ಲಿ ಸೀಟಿ ಹಾಗೇ ಇತ್ತು. ಗಿಡ್ಡ ಮಾಡಲು ಕೊಟ್ಟಿದ್ದ ಬಿಳಿ ಪ್ಯಾಂಟು ಕೇಳಲು ಬಂದವರು, ವಿಷಯ ತಿಳಿದು ಕುರ್ಚಿ ಎಳೆದುಕೊಂಡರು. ಮಕ್ಕಳಿಗೆ ಬೇಕಾದ್ದು ಊಟವಲ್ಲ, ಸ್ಪರ್ಧೆ ಎಂಬುದು ಅವರ ಅಭಿಪ್ರಾಯ. ಅಪ್ಪನಿಗೊಂದು ಬಟ್ಟಲು, ಮಗಳಿಗೊಂದು ಬಟ್ಟಲು. ಸೀಟಿ ಊದಿದ ಕೂಡಲೇ ಶುರು, ಯಾರು ಮೊದಲು ಮುಗಿಸುತ್ತಾರೋ ಅವರು ಗೆದ್ದ ಹಾಗೆ.

ಮೇಷ್ಟ್ರು ಸೀಟಿ ಊದಿದರು. ಟೈಲರ್ ಗಬಗಬ ತಿಂದು ತಲೆ ಎತ್ತಿದಾಗ ಪುಟ್ಟಿ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಬಟ್ಟಲು ತುಂಬಿದ ಹಾಗೇ ಇತ್ತು. ಮೊದಲ ಸುತ್ತು ಬರೀ ಅಭ್ಯಾಸಕ್ಕೆ ಎಂದು ಮೇಷ್ಟ್ರು ಎರಡನೆಯ ಸುತ್ತು ನಡೆಸಿದರು. ಅದರಲ್ಲೂ ಟೈಲರ್ ಗೆದ್ದ. ಅಪ್ಪನ ವಿಜಯಕ್ಕೆ ಖುಷಿಯಾಗಿ ಪುಟ್ಟಿ ತನ್ನ ಚಮಚವನ್ನು ಗಾಳಿಗೆ ಎಸೆದಳು. ಅದು ಗೋಡೆಗೆ ನೇತುಹಾಕಿದ್ದ ಬಿಳಿ ಪ್ಯಾಂಟಿನ ಮಂಡಿಯ ಮೇಲೆ ಇಳಿದು, ಕ್ಯಾರೆಟ್ಟಿನ ಬಣ್ಣ ಬಿಟ್ಟು ಕೆಳಗೆ ಜಾರಿತು. ಮೇಷ್ಟ್ರು ಪ್ಯಾಂಟನ್ನೇ ನೋಡುತ್ತ ಕೂತಿದ್ದಾಗ ಪುಟ್ಟಿ ಅವರ ಕೊರಳಿನ ಸೀಟಿ ಬಿಚ್ಚಿಕೊಂಡಳು. ಆಮೇಲೆ ಅದು ಸಂಜೆಯವರೆಗೂ ವಾಪಸು ಬರಲಿಲ್ಲ.

ಪುಟ್ಟಿ ಬಿಡದೆ ಊದುತ್ತಿದ್ದ ಸೀಟಿ ಕೇಳಿ ಕಳ್ಳ ಬಂದನೆಂದು ಎದುರಿನ ಔಷಧಿ ಅಂಗಡಿಯ ಅಕ್ಕ ರಸ್ತೆ ದಾಟಿ ಓಡಿ ಬಂದರು. ಬಲವಂತ ಮಾಡಿದರೆ ಮಕ್ಕಳು ಜನ್ಮದಲ್ಲಿ ಉಣ್ಣುವುದಿಲ್ಲ, ಆಸೆ ಹುಟ್ಟಿಸಬೇಕು ಎಂದು ಅವರು ಮೇಷ್ಟ್ರನ್ನು ಗದರಿಸಿದರು. ಆಮೇಲೆ ಟೈಲರ್ ಕಡೆ ತಿರುಗಿ, "ನೀವು ಚಪ್ಪರಿಸ್ಕೊಂಡು ತಿನ್ನಿ ಟೈಲರಣ್ಣ. ಆಹಾ ಅನ್ನಿ. ಆದ್ರೆ ಅವಳ ಕಡೆ ಮಾತ್ರ ನೋಡ್ಬೇಡಿ" ಎಂದರು.

ಟೈಲರ್ ಇನ್ನೊಂದು ಬಟ್ಟಲು ಬಡಿಸಿಕೊಂಡು ಕಣ್ಣು ಮುಚ್ಚಿ ಚಪ್ಪರಿಸಿದ. ಉಪಾಯ ಫಲಿಸಿತು, ಆಸೆ ಹುಟ್ಟಿತು. ಹುಟ್ಟಿದ್ದು ಮೇಷ್ಟ್ರಿಗೆ. ಬೆಳಗಿನಿಂದ ಬರೀ ಕಾಫಿಯಲ್ಲಿದ್ದೇನೆ ಎಂದು ಅವರು ಸಂಕೋಚದಿಂದ ಹೇಳಿ ಒಂದು ಬಟ್ಟಲು ತಿಂದರು. ಉಪ್ಪು ಸರಿಯಾಗಿದೆಯೋ ಇಲ್ಲವೋ ನೋಡುತ್ತೇನೆಂದು ಅಕ್ಕ ಒಂದು ಬಟ್ಟಲು ತಿಂದು, ಸರಿಯಾಗಿದೆ ಎಂದರು. ಅಪ್ಪ ಮಗಳಿಬ್ಬರಿಗೂ ಆಗಲೆಂದು ಮಾಡಿಟ್ಟಿದ್ದ ಪಾತ್ರೆಯ ತಳ ಕಂಡಿತು.

ಉಳಿದದ್ದು ಪುಟ್ಟಿಯ ಬಟ್ಟಲು ಮಾತ್ರ. ಅದನ್ನು ಖಾಲಿ ಮಾಡಿಸಲು ಪಕ್ಕದಂಗಡಿಯ ಕ್ಷೌರಿಕ ಕೈಕನ್ನಡಿ ಹಿಡಿದು ಬಂದ. ಒಂದು ಕೆನ್ನೆ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದಿದ್ದ. ಕನ್ನಡಿ ಹಿಡಿದರೆ ಎಂಥ ಹಟಮಾರಿ ಮಗುವೂ ತಲೆ ಕೊಡುತ್ತದೆ, ಬಾಯಿ ಕೊಡುವುದೇನು ದೊಡ್ಡದು ಎಂದು ಧೈರ್ಯ ತುಂಬಿದ. ಪುಟ್ಟಿಗೆ ಕನ್ನಡಿ ಹಿಡಿಸಿತು. ಅದರಲ್ಲಿದ್ದ ಹುಡುಗಿಗೆ ನಾಲ್ಕು ಚಮಚ ತಿನ್ನಿಸಿದಳು. ಆ ಹುಡುಗಿ ಬಾಯಿ ತೆರೆಯದೆ ಮುಖಕ್ಕೆಲ್ಲ ಬಳಿದುಕೊಂಡದ್ದು ನೋಡಿ ಬೇಸರವಾಗಿ, ಅಪ್ಪನ ಕಡೆ ತಿರುಗಿದಳು.

"ಅಪ್ಪ, ಆ."

ಮಗಳು ಮೊದಲ ಸಲ ಕೈಯೆತ್ತಿ ಕೊಡುತ್ತಿದ್ದಾಳೆ. ಬೇಡವೆನ್ನಲು ಅವನ ಕರುಳು ಒಪ್ಪಲಿಲ್ಲ. ಕೊನೆಯ ಅಗುಳಿನ ತನಕ ತಿಂದ. ತಿನ್ನಿಸುವುದು ಬಂತಲ್ಲ, ತಿನ್ನುವುದೂ ಬರುತ್ತದೆ ಎಂದು ಹೇಳಿ ಕ್ಷೌರಿಕ ಇನ್ನೊಂದು ಕೆನ್ನೆಯ ನೆನಪಾಗಿ ಓಡಿದ. ಉಳಿದವರೂ ತಮ್ಮ ಕೈಲಾದ ಸಹಾಯ ಮಾಡಿದ ತೃಪ್ತಿಯಲ್ಲಿ ಎದ್ದು ಹೋದರು.

ಎರಡು ಗಂಟೆಗೆ ಪುಟ್ಟಿ ಬಟ್ಟೆ ಚೂರುಗಳ ರಾಶಿಯ ಮೇಲೆ ಸೀಟಿ ಹಿಡಿದುಕೊಂಡು ನಿದ್ದೆ ಹೋದಳು. ಅಪ್ಪನ ಕೈಯಿಂದ ಹೊಟ್ಟೆಗೆ ಒಂದು ಅಗುಳೂ ಹೋಗಿರಲಿಲ್ಲ. ಟೈಲರ್ ಖಾಲಿ ಬಟ್ಟಲು ಮುಂದಿಟ್ಟುಕೊಂಡು ಕೂತ. ನಿಜ ಹೇಳಿದರೆ ನಾಳೆ ಹಾಡು ನಿಲ್ಲುತ್ತದೆ. ಪುಸ್ತಕ ತೆರೆದ, ಮುಚ್ಚಿದ, ಮತ್ತೆ ತೆರೆದ. ಕೊನೆಗೆ ಹನ್ನೆರಡು ವರ್ಷದಲ್ಲಿ ಮೊದಲ ಸಲ, ಟೇಪು ಮುಟ್ಟದೆ ಒಂದು ಅಳತೆ ಬರೆದ: 'ಊಟದ ನಂತರ, ಹತ್ತೊಂಬತ್ತೂ ಮುಕ್ಕಾಲು.'

ಐದೂವರೆಗೆ ಹೆಂಡತಿ ಬಂದಳು. ಚಪ್ಪಲಿ ಬಿಡದೆ ಮೊದಲು ಗಂಡನ ಮುಖ ನೋಡಿದಳು. ಅವನು ಖಾಲಿ ಬಟ್ಟಲು ತೋರಿಸಿದ, ಖಾಲಿ ಪಾತ್ರೆ ತೋರಿಸಿದ, ಪುಸ್ತಕ ತೋರಿಸಿದ. ಸುಳ್ಳು ಇಷ್ಟು ಸಲೀಸಾಗಿ ಹೋಗುತ್ತಿರುವುದು ಕಂಡು ಹುರುಪು ಬಂದು, ಪುಟ್ಟಿ ಕೇಳಿ ಕೇಳಿ ಎರಡು ಬಟ್ಟಲು ಹಾಕಿಸಿಕೊಂಡಳು ಎಂದೂ ಸೇರಿಸಿದ.

ಹೆಂಡತಿ ಹಿಗ್ಗುವ ಬದಲು ಕುಸಿದು ಕೂತಳು.

"ಎರಡು ಬಟ್ಟಲಾ? ನೀವು ಬೆಳಿಗ್ಗೆ ನೂಲು ತರೋಕೆ ಹೋಗಿ ಮೂರು ಗಂಟೆ ಬರ್ಲಿಲ್ವಲ್ಲ, ಆವಾಗ ನಾನೇ ಕಿಟಕೀಲಿ ಕೂರಿಸಿ ಎರಡು ಬಟ್ಟಲು ತಿನ್ನಿಸಿದ್ದೆ ರೀ. ನಿಮ್ಮ ಕೈಲಿ ಹೆಂಗೂ ಉಣ್ಣಲ್ಲ ಅಂದ್ಕೊಂಡೆ. ಈಗ ನಾಲ್ಕಾಯ್ತಲ್ಲ. ಹೊಟ್ಟೆ ಏನಾಗ್ಬೇಕು ಅದ್ರದ್ದು?"

ಟೈಲರ್‌ಗೆ ಈಗ ಗೊತ್ತಾಯಿತು, ರೈಲು, ಹಕ್ಕಿ, ಮೀನು ಯಾಕೆ ಬಾಗಿಲಿಂದಲೇ ವಾಪಸಾದವೆಂದು. ಹೆಂಡತಿ ಆಗಲೇ ತೀರ್ಮಾನಕ್ಕೆ ಬಂದಿದ್ದಳು. ಈವತ್ತು ಇನ್ನು ಮಗುವಿಗೆ ಬರೀ ಬಿಸಿನೀರು, ಬೇರೆ ಏನೂ ಕೊಡುವ ಹಾಗಿಲ್ಲ.

ಅಷ್ಟರಲ್ಲಿ ಪುಟ್ಟಿ ಬಂದು ಅಮ್ಮನ ಕೈ ಹಿಡಿದು ಎಳೆದಳು. "ಅಮ್ಮ, ಮಮ್ಮು."

ಹುಟ್ಟಿದಾಗಿನಿಂದ ಅವಳು ಬಾಯಿಬಿಟ್ಟು ಊಟ ಕೇಳಿದ್ದು ಅದೇ ಮೊದಲು. ಅಮ್ಮ ಬೇಡವೆಂದು ತಲೆ ಸವರಿದಳು. ಪುಟ್ಟಿಯ ತುಟಿ ನಡುಗಿತು. ಟೈಲರ್‌ಗೆ ಇನ್ನು ತಡೆಯಲಾಗಲಿಲ್ಲ, ನಿಜ ಹೇಳಲು ಬಾಯಿ ತೆರೆದ. ಆದರೆ ಹೆಂಡತಿಗೆ ಆಗಲೇ ಏನೋ ಅನುಮಾನ ಬಂದಿತ್ತು. ಅವನ ಕೊರಳಿಂದ ಟೇಪು ಎಳೆದು ಮಗುವಿನ ಹೊಟ್ಟೆಗೆ ಸುತ್ತಿದಳು. ಹದಿನೆಂಟೂವರೆ. ಪುಸ್ತಕ ನೋಡಿದಳು, ಟೇಪು ನೋಡಿದಳು. ಅದೇ ಟೇಪನ್ನು ಗಂಡನ ಸೊಂಟಕ್ಕೆ ಸುತ್ತಿ, ಹೋದ ತಿಂಗಳ ಪುಟ ತೆಗೆದಳು. ಅವನು ಉಸಿರು ಬಿಗಿಹಿಡಿದು ನಿಂತ. ಅವಳು ಅವನ ಹಾಗೆಯೇ, ಉಸಿರು ಬಿಡುವ ತನಕ ಕಾದಳು.

"ಮೂವತ್ತಾರೂವರೆ" ಎಂದಳು. "ಎರಡು ಇಂಚು. ಅನ್ನ ಸಿಕ್ತು ಬಿಡಿ."

ಅವನು ಸೀಟಿಯಿಂದ ಕನ್ನಡಿಯವರೆಗೆ ಎಲ್ಲವನ್ನೂ ಒಪ್ಪಿಸಿದ. ಅವಳು ಮೊದಲು ಸಿಟ್ಟಾಗಲು ನೋಡಿದಳು. ಗೋಡೆಯ ಮೇಲಿನ ಬಿಳಿ ಪ್ಯಾಂಟು ಕಂಡ ಮೇಲೆ ಆಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಎದ್ದು ಅನ್ನಕ್ಕಿಟ್ಟಳು. ನಾಳೆ ಹೋಗುತ್ತೀಯೋ ಇಲ್ಲವೋ ಎಂದು ಕೇಳಲು ಟೈಲರ್‌ಗೆ ಧೈರ್ಯ ಬರಲಿಲ್ಲ.

ಬಟ್ಟಲು ಎದುರಿಗೆ ಬಂದ ಕೂಡಲೇ, ಊಟ ಕೇಳಿದ ಅದೇ ಪುಟ್ಟಿ ತುಟಿ ಮುಚ್ಚಿದಳು. ಅಮ್ಮ ಕಿಟಕಿ ತೋರಿಸಿದರೆ ಅವಳು ಟೇಪು ತೋರಿಸಿದಳು. ಆಮೇಲೆ ಅಪ್ಪನ ಹೊಟ್ಟೆ ತೋರಿಸಿ, "ಅಪ್ಪ, ಆ" ಎಂದಳು. ಬೇರೆ ದಾರಿ ಕಾಣದೆ ಟೈಲರ್ ಒಂದು ಚಮಚ ತಿಂದ. ಪುಟ್ಟಿ ಅವನ ಸೊಂಟಕ್ಕೆ ಟೇಪು ಸುತ್ತಿಸಿ, ಹಳೇ ಹೊಲಿಗೆ ಮೇಸ್ತ್ರಿಯ ಗಾಂಭೀರ್ಯದಲ್ಲಿ ಬಗ್ಗಿ ನೋಡಿ, ತಾನೂ ಬಾಯಿ ತೆರೆದಳು. ಅಪ್ಪನಿಗೊಂದು ಚಮಚ, ಒಂದು ಅಳತೆ, ಅವಳಿಗೊಂದು ಚಮಚ. ಹದಿನೇಳು ಚಮಚಕ್ಕೆ ಹಿಡಿದದ್ದು ಇಪ್ಪತ್ತೇ ನಿಮಿಷ.

ಹೆಂಡತಿ ಖಾಲಿ ಬಟ್ಟಲು ನೋಡಿ ನೆಮ್ಮದಿಯ ನಿಟ್ಟುಸಿರು ಬಿಟ್ಟಳು. "ಇನ್ನು ನಂಗೆ ಯೋಚ್ನೆ ಇಲ್ಲ ರೀ. ನಾಳೆಯಿಂದ ಆರಾಮಾಗಿ ಹೋಗ್ತೀನಿ. ಬೆಳಗಿನದೂ ಸಂಜೇದೂ ನೀವೇ ನೋಡ್ಕೊಂಡುಬಿಡಿ, ನನ್ನ ಕೈಗಿಂತ ನಿಮ್ಮ ಕೈಲೇ ಚೆನ್ನಾಗಿ ಉಣ್ತಾಳೆ."

ಮರುದಿನ ಅವಳು ತಲೆ ಬಾಚಿಕೊಳ್ಳುತ್ತ ಹಾಡುವುದು ಒಳಗಿನಿಂದ ಕೇಳುತ್ತಿತ್ತು. ಟೈಲರ್‌ಗೆ ಹೊಟ್ಟೆ ತುಂಬಾ ಸಂತೋಷವಾಯಿತು. ಸಂತೋಷದ ಕೆಳಗೆ ಹದಿನೇಳು ಚಮಚ ಬೆಳಗಿನ ತಿಂಡಿಯೂ ಇತ್ತು. ಅವನು ಅಳತೆ ಪುಸ್ತಕ ತೆರೆದು ಹತ್ತೊಂಬತ್ತೂ ಮುಕ್ಕಾಲನ್ನು ಹೊಡೆದು ಹಾಕಿದ. ಆಮೇಲೆ ಹೊಸ ಪುಟದಲ್ಲಿ ತನ್ನ ಹೆಸರು ಬರೆದು, ಸೊಂಟ ಮೂವತ್ತೇಳು ಎಂದು ಪ್ರಾಮಾಣಿಕವಾಗಿ ನಮೂದಿಸಿ, ಕೆಳಗೆ ಒಂದು ಸಾಲು ಸೇರಿಸಿದ: ಬೆಳೆಯುವ ವಯಸ್ಸು, ಒಳಗೆ ಬಟ್ಟೆ ಜಾಸ್ತಿ ಬಿಡುವುದು.